ಆಯುಧಪೂಜೆಗೆ ಮುಂಚೆ ಬೈಕ್ ತೊಳೆಯೋದು: ಬೆರಳು, ಬ್ರೇಕು, ಎರಡು ಬಕೆಟ್ಟು

ಆಯುಧಪೂಜೆಗೆ ಇನ್ನು ಎರಡೇ ವಾರ. ನಮ್ಮ ಹಾಸ್ಟೆಲ್ಲಿನ ಹಿಂದಿರುವ ಒಂದೇ ಒಂದು ನಲ್ಲಿಯ ಮುಂದೆ ಹಿಂದಿನ ದಿನ ಎಂಥ ಜಾತ್ರೆ ಸೇರುತ್ತೆ ಅನ್ನೋದು ಅಲ್ಲಿ ಇದ್ದವರಿಗೆಲ್ಲ ಗೊತ್ತು. ವರ್ಷವಿಡೀ ಕೆಸರು ಮೆತ್ತಿಕೊಂಡೇ ಓಡಾಡಿದ ಗಾಡಿಗಳೆಲ್ಲ ಅವತ್ತು ಸ್ನಾನಕ್ಕೆ ಸಾಲಾಗಿ ನಿಲ್ಲುತ್ತವೆ. ಸ್ಪೀಕರಿನಲ್ಲಿ ಹಾಡು, ಒಬ್ಬರ ಮೇಲೊಬ್ಬರು ನೀರೆರಚೋದು, ಯಾರದೋ ಶಾಂಪೂ ಇನ್ಯಾರೋ ಎತ್ತಿಕೊಂಡು ಹೋಗೋದು. ಹೋದ ವರ್ಷ ಈ ಜಾತ್ರೆಯ ಮಧ್ಯೆಯೇ ನಮ್ಮ ರೂಮ್‌ಮೇಟ್ ಒಬ್ಬ ಬಲಗೈಯ ಮಧ್ಯದ ಬೆರಳಿನ ತುದಿ ಕಳ್ಕೊಂಡ. ಈ ಲೇಖನಕ್ಕೆ ಅದೇ ಕಾರಣ. ಬರೆಯೋಕೆ ಮುಂಚೆ ಅವನನ್ನ ಕೇಳಿದೆವು. "ಹೆಸರು ಹಾಕ್ಬೇಡಿ, ಬೆರಳು ಹಾಕಿ" ಅಂದ.

ನಾವು ಅಂದ್ರೆ ಒಂದೇ ರೂಮಿನ ನಾಲ್ಕು ಜನ. ಇಬ್ಬರು ಮೆಕ್ಯಾನಿಕಲ್, ಒಬ್ಬ ಇ.ಸಿ., ಒಬ್ಬ ಸಿವಿಲ್. ನಾಲ್ವರ ನಡುವೆ ಎರಡು ಬೈಕು. ಎಲ್ಲರೂ ಇಂಗ್ಲಿಷ್ ಮೀಡಿಯಮ್ಮು, ಹಾಗಾಗಿ ಒತ್ತಕ್ಷರ ಎಲ್ಲಾದ್ರೂ ತಪ್ಪಿದ್ರೆ ಮನ್ನಿಸಿ. ಇಲ್ಲಿ ಬರೆದಿದ್ದರಲ್ಲಿ ಅರ್ಧ ನಾವು ತಪ್ಪು ಮಾಡಿ ಕಲಿತದ್ದು, ಇನ್ನರ್ಧ ಕಾಲೇಜ್ ಗೇಟಿನ ಎದುರಿನ ಗ್ಯಾರೇಜ್ ಅಣ್ಣ ಬೈದು ಕಲಿಸಿದ್ದು.

ಬೆರಳಿನ ಕಥೆ ಮೊದಲು. ಅವನ ಗಾಡಿಯ ಚೈನಿನ ಮೇಲೆ ಹಳೇ ಗ್ರೀಸು, ಧೂಳು ಎಲ್ಲ ಸೇರಿ ಕಪ್ಪು ಹಲ್ವಾ ಥರ ಕೂತಿತ್ತು. ಕೈಯಲ್ಲಿ ಉಜ್ಜುತ್ತಾ ಕೂತ್ರೆ ಅರ್ಧ ಗಂಟೆ ಬೇಕು. ಅದಕ್ಕೆ ಅವನು ಗಾಡಿನ ಸೆಂಟರ್ ಸ್ಟ್ಯಾಂಡ್ ಹಾಕಿ, ಸ್ಟಾರ್ಟ್ ಮಾಡಿ, ಫಸ್ಟ್ ಗೇರಿಗೆ ಹಾಕಿದ. ಹಿಂದಿನ ಚಕ್ರ ತಾನಾಗೇ ತಿರುಗುತ್ತಿತ್ತು. ಓಡೋ ಚೈನಿಗೆ ಬನಿಯನ್ ಬಟ್ಟೆ ಸುತ್ತಿ ಹಿಡಿದ. ನಾವು ಅದನ್ನು ನೋಡಿ "ಸೂಪರ್ ಐಡಿಯಾ ಮಗಾ" ಅಂದ್ವಿ. ಇದನ್ನ ಒಪ್ಕೊಳ್ಳೋಕೆ ನಾಚಿಕೆಯಾಗುತ್ತೆ, ಆದ್ರೆ ಹೇಳಲೇಬೇಕು: ನಮ್ಮಲ್ಲೊಬ್ಬ ವಿಡಿಯೋ ಕೂಡ ಮಾಡ್ತಿದ್ದ. ಬಟ್ಟೆಯ ಒಂದು ಎಳೆ ಸ್ಪ್ರಾಕೆಟ್ ಹಲ್ಲಿಗೆ ಸಿಕ್ಕಿತು. ಬಟ್ಟೆ ಹೋಯಿತು, ಬಟ್ಟೆಯ ಜೊತೆ ಬೆರಳೂ ಹೋಯಿತು. ಕೂಗು ಕೇಳಿ ನಾವು ಕೀ ಆಫ್ ಮಾಡೋ ಹೊತ್ತಿಗೆ ಎಲ್ಲ ಮುಗಿದಿತ್ತು.

ಏಳು ಹೊಲಿಗೆ. ಉಗುರು ಪೂರ್ತಿ ಹೋಯ್ತು, ಮೂಳೆಯ ತುದಿ ಸ್ವಲ್ಪ ತೆಗೆದ್ರು. ಬಲಗೈ ಆದ್ದರಿಂದ ಆ ತಿಂಗಳ ಇಂಟರ್ನಲ್ಸ್ ಬರೆಯೋಕಾಗಲಿಲ್ಲ. ಈಗಲೂ ಕೀಬೋರ್ಡ್ ಒತ್ತುವಾಗ ಆ ಬೆರಳು ಎತ್ತಿ ಹಿಡೀತಾನೆ. ಪೂಜೆಯ ದಿನ ಅವನ ಅಮ್ಮ ಊರಿಂದ ಬಂದವರು ಆ ಗಾಡಿಗೆ ಅರಿಶಿನ ಕುಂಕುಮ ಹಚ್ಚೋಕೆ ಒಪ್ಪಲೇ ಇಲ್ಲ.

ಆಮೇಲೆ ಒಂದು ರಾತ್ರಿ ನಾವು ಕೂತು ಲೆಕ್ಕ ಹಾಕಿದ್ವಿ. ಐಡ್ಲಿಂಗಿನಲ್ಲಿ ಎಂಜಿನ್ ನಿಮಿಷಕ್ಕೆ 1,400 ಸುತ್ತು ಅಂತ ಇಟ್ಕೊಳ್ಳಿ. ಫಸ್ಟ್ ಗೇರಿನಲ್ಲಿ ಕ್ರ್ಯಾಂಕಿನಿಂದ ಹಿಂದಿನ ಚಕ್ರದವರೆಗೆ ಒಟ್ಟು ರಿಡಕ್ಷನ್ ಸುಮಾರು 35:1 ಅಂದ್ರೆ ಚಕ್ರ ನಿಮಿಷಕ್ಕೆ 40 ಸುತ್ತು. ನೋಡೋಕೆ ತುಂಬಾ ನಿಧಾನ, ಅದೇ ಮೋಸ. 428 ನಂಬರಿನ ಚೈನಿನ ಪಿಚ್ 12.7 ಮಿ.ಮೀ., ಹಿಂದಿನ ಸ್ಪ್ರಾಕೆಟ್ಟಿಗೆ 44 ಹಲ್ಲು ಅಂತಿಟ್ರೆ ಒಂದು ಸುತ್ತಿಗೆ ಚೈನ್ ಸುಮಾರು 56 ಸೆಂ.ಮೀ. ಓಡುತ್ತೆ. 40ರಿಂದ ಗುಣಿಸಿ 60ರಿಂದ ಭಾಗಿಸಿದ್ರೆ ಸೆಕೆಂಡಿಗೆ 37 ಸೆಂ.ಮೀ. ಬೆರಳು ಸ್ಪ್ರಾಕೆಟ್ಟಿನಿಂದ 8 ಸೆಂ.ಮೀ. ದೂರದಲ್ಲಿದ್ದಾಗ ಬಟ್ಟೆ ಸಿಕ್ಕಿಕೊಂಡ್ರೆ ಬೆರಳು ಹಲ್ಲಿಗೆ ಹೋಗೋಕೆ ಬೇಕಾದ ಸಮಯ 0.2 ಸೆಕೆಂಡ್ ಚಿಲ್ಲರೆ. ಮನುಷ್ಯನಿಗೆ ಗೊತ್ತಾಗಿ ಕೈ ಹಿಂದೆಗೆದುಕೊಳ್ಳೋಕೆ ಶುರು ಮಾಡೋದಕ್ಕೇ ಅಷ್ಟು ಹೊತ್ತು ಬೇಕು. "ನಾನು ಹುಷಾರಾಗಿರ್ತೀನಿ" ಅನ್ನೋ ಮಾತಿಗೆ ಇಲ್ಲಿ ಜಾಗವೇ ಇಲ್ಲ. ಟಾಪ್ ಗೇರಿಗೆ ಹಾಕಿದ್ರೆ ವೇಗ ಇನ್ನೂ ಸುಮಾರು ಮೂರು ಪಟ್ಟು. ಜೊತೆಗೆ ಅದೇ ರಿಡಕ್ಷನ್ ಎಂಜಿನ್ನಿನ ಟಾರ್ಕನ್ನ ಅಷ್ಟೇ ಪಟ್ಟು ಹೆಚ್ಚು ಮಾಡಿರುತ್ತೆ. ಬೆರಳು ಅಡ್ಡ ಬಂತು ಅಂತ ಎಂಜಿನ್ ಆಫ್ ಆಗಲ್ಲ.

ಹಾಗಾದ್ರೆ ಸರಿಯಾದ ರೀತಿ ಯಾವುದು? ಎಂಜಿನ್ ಆಫ್, ಗೇರು ನ್ಯೂಟ್ರಲ್, ಕೀ ಜೇಬಿನಲ್ಲಿ. ಗಾಡಿಯಲ್ಲಿ ಬಿಟ್ರೆ ಯಾರಾದ್ರೂ ಫ್ರೆಂಡು ತಮಾಷೆಗೆ ಸೆಲ್ಫ್ ಒತ್ತುತ್ತಾನೆ, ಅದಕ್ಕೇ ಜೇಬು. ಕೈಗೆ ಕಡಗ, ಉಂಗುರ ಇದ್ರೆ ತೆಗೀರಿ, ದುಪಟ್ಟಾ ಇದ್ರೆ ರೂಮಲ್ಲೇ ಬಿಟ್ಟು ಬನ್ನಿ. ಸೆಂಟರ್ ಸ್ಟ್ಯಾಂಡ್ ಹಾಕಿ ಚಕ್ರವನ್ನ ಕೈಯಿಂದ ತಿರುಗಿಸಿ, ಅದೂ ಹಿಂದಕ್ಕೆ. ಇದನ್ನ ಗ್ಯಾರೇಜ್ ಅಣ್ಣ ತೋರಿಸಿದಾಗ ಮೆಕ್ಯಾನಿಕಲ್ ಓದೋ ನಮಗೆ ಸ್ವಲ್ಪ ಅವಮಾನವೇ ಆಯ್ತು, ಯಾಕಂದ್ರೆ ಎಷ್ಟು ಸರಳ. ಚಕ್ರ ಮುಂದಕ್ಕೆ ತಿರುಗಿದ್ರೆ ಚೈನಿನ ಕೆಳಭಾಗ ಹಿಂದಿನ ಸ್ಪ್ರಾಕೆಟ್ ಕಡೆಗೆ ಓಡಿ ಹಲ್ಲಿನೊಳಗೆ ಹೋಗುತ್ತೆ. ಹಿಂದಕ್ಕೆ ತಿರುಗಿಸಿದ್ರೆ ಅದೇ ಕೆಳಭಾಗ ಸ್ಪ್ರಾಕೆಟ್ಟಿನಿಂದ ಹೊರಗೆ, ಮುಂದಕ್ಕೆ ಬರುತ್ತೆ. ಬಟ್ಟೆನೋ ಬ್ರಷ್ಷೋ ಚೈನಿನ ಕೆಳಭಾಗಕ್ಕೆ ಹಿಡಿದ್ರೆ ಅದನ್ನ ಹಲ್ಲಿಂದ ಆಚೆಗೇ ತಳ್ಳುತ್ತೆ. ಮೇಲ್ಭಾಗಕ್ಕೆ ಮಾತ್ರ ಕೈ ಹಾಕ್ಬೇಡಿ, ಅಲ್ಲಿ ಉಲ್ಟಾ. ತಿರುಗಿಸೋ ಕೈ ಟೈರಿನ ಮೇಲಿರಲಿ, ಸ್ಪೋಕ್ಸ್ ಮಧ್ಯೆ ಬೇಡ. ಇನ್ನೂ ಒಳ್ಳೇದಂದ್ರೆ ತಿರುಗುವಾಗ ಮುಟ್ಟಲೇಬೇಡಿ. ಸ್ವಲ್ಪ ತಿರುಗಿಸಿ, ನಿಲ್ಲಿಸಿ, ಉಜ್ಜಿ, ಮತ್ತೆ ತಿರುಗಿಸಿ. ಸೆಂಟರ್ ಸ್ಟ್ಯಾಂಡ್ ಇಲ್ಲದ ಗಾಡಿಗಳನ್ನ ಸೈಡ್ ಸ್ಟ್ಯಾಂಡ್ ಮೇಲೇ ನಿಲ್ಲಿಸಿ, ಕಾಣೋಷ್ಟು ಚೈನ್ ಒರೆಸಿ, ಗಾಡಿನ ಒಂದಡಿ ತಳ್ಳಿ ಮುಂದಿನ ಭಾಗ ಒರೆಸಬಹುದು. ಬೇಜಾರಿನ ಕೆಲಸ, ಆದ್ರೆ ಹತ್ತೂ ಬೆರಳು ಉಳಿಯುತ್ತೆ. ಚೈನಿಗೆ ಪೂರ್ತಿ ತಗಡಿನ ಕವರ್ ಇರೋ ಗಾಡಿಗಳಲ್ಲಿ ಇದನ್ನ ಗ್ಯಾರೇಜಿಗೇ ಬಿಡಿ.

ಚೈನಿಗೆ ಏನು ಹಾಕಿ ಉಜ್ಜೋದು? ನಮ್ಮ ಹಾಸ್ಟೆಲ್ ಸಂಪ್ರದಾಯ ಅಂದ್ರೆ ಟ್ಯಾಂಕಿನಿಂದ ಪೆಟ್ರೋಲ್ ತೆಗೆದು ಕತ್ತರಿಸಿದ ಬಾಟಲಿಗೆ ಹಾಕ್ಕೊಳ್ಳೋದು. ದಯವಿಟ್ಟು ಬೇಡ. ಪೆಟ್ರೋಲಿನ ಫ್ಲ್ಯಾಶ್ ಪಾಯಿಂಟ್ ಸುಮಾರು ಮೈನಸ್ 40 ಡಿಗ್ರಿ, ಅಂದ್ರೆ ನಮ್ಮ ಯಾವ ಹವೆಯಲ್ಲೂ ಅದರ ಆವಿ ಹೊತ್ತಿಕೊಳ್ಳೋಕೆ ರೆಡಿ. ಆ ಆವಿ ಗಾಳಿಗಿಂತ ಭಾರ, ಹಾಗಾಗಿ ಹಾರಿ ಹೋಗದೆ ನೆಲದ ಮೇಲೇ ಹರಡಿಕೊಳ್ಳುತ್ತೆ. ಅದೇ ನೆಲದ ಮೇಲೆ ಯಾರೋ ಒಬ್ಬರು ಊದುಬತ್ತಿ ಹಚ್ಚೋ ಹಬ್ಬ ಇದು. ಸೀಮೆಎಣ್ಣೆಯ ಫ್ಲ್ಯಾಶ್ ಪಾಯಿಂಟ್ 35 ಡಿಗ್ರಿಗಿಂತ ಮೇಲೆ, ಅದೂ ಆಟದ ವಸ್ತುವಲ್ಲ, ಆದ್ರೆ ಪೆಟ್ರೋಲಿಗಿಂತ ಎಷ್ಟೋ ವಾಸಿ. ಅದು ಸಿಗದಿದ್ರೆ ಚೈನ್ ಕ್ಲೀನರ್ ಸ್ಪ್ರೇ ತನ್ನಿ, ನಾಲ್ಕೈದು ಜನ ಸೇರಿ ಒಂದು ಡಬ್ಬಿ ತಗೊಂಡ್ರೆ ಭಾರ ಆಗಲ್ಲ. ಓ-ರಿಂಗ್ ಇರೋ ಚೈನಿಗೆ ಪೆಟ್ರೋಲ್ ಇನ್ನೊಂದು ಕಾರಣಕ್ಕೂ ಬೇಡ: ಕೊಂಡಿಗಳೊಳಗಿನ ಗ್ರೀಸನ್ನ ಹಿಡಿದಿಡೋ ರಬ್ಬರ್ ಉಂಗುರಗಳನ್ನ ಅದು ಹಾಳು ಮಾಡುತ್ತೆ. ತಂತಿಯ ಬ್ರಷ್ ಕೂಡ ಅದಕ್ಕೆ ಆಗಲ್ಲ, ಹಳೇ ಟೂತ್ ಬ್ರಷ್ ಸಾಕು.

ಇದೆಲ್ಲ ಗಾಡಿಗೆ ನೀರು ಹಾಕೋದಕ್ಕೆ ಮುಂಚೆಯೇ ಮಾಡ್ಬೇಕು. ಚೈನಿನ ಕಪ್ಪು ರಾಡಿ ರಿಮ್ಮಿಗೆ ಸಿಡಿಯುತ್ತೆ, ಆಮೇಲೆ ಸೋಪು ಹಾಕಿ ತೊಳೆಯುವಾಗ ಅದೂ ಹೋಗುತ್ತೆ. ಚೈನಿಗೂ ಟೈರಿಗೂ ಮಧ್ಯೆ ಒಂದು ರಟ್ಟಿನ ತುಂಡು ಹಿಡಿದುಕೊಳ್ಳಿ. ಹಿಂದೆ ಡಿಸ್ಕ್ ಬ್ರೇಕ್ ಇದ್ರೆ ಅದಕ್ಕೆ ಪ್ಲಾಸ್ಟಿಕ್ ಕವರ್ ಕಟ್ಟಿ.

ಈಗ ಸ್ನಾನ. ಓಡಿಸಿಕೊಂಡು ಬಂದ ಗಾಡಿಗೆ ತಕ್ಷಣ ನೀರು ಹಾಕೋದು ಎಲ್ಲರೂ ಮಾಡೋ ತಪ್ಪು. ಅಲ್ಯೂಮಿನಿಯಂ ಬಿಸಿಗೆ ಹಿಗ್ಗೋದು ಉಕ್ಕಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು. ಎರಡೂ ಬೋಲ್ಟಿನಿಂದ ಬಿಗಿದುಕೊಂಡಿರೋ ಎಂಜಿನ್ ಮೇಲೆ ತಣ್ಣೀರು ಸುರಿದ್ರೆ ಎರಡೂ ಬೇರೆ ಬೇರೆ ಅಳತೆಯಲ್ಲಿ ಕುಗ್ಗುತ್ತವೆ. ಒಂದೇ ಸಲಕ್ಕೆ ಎಂಜಿನ್ ಬ್ಲಾಕ್ ಸೀಳಿ ಹೋಗುತ್ತೆ ಅಂತ ನಾವು ಹೆದರಿಸಲ್ಲ, ಹಾಗಾಗಿದ್ದು ನಾವು ನೋಡಿಲ್ಲ. ಆದ್ರೆ ಬಿಸಿ ಸೈಲೆನ್ಸರಿನಿಂದ ಮುಖಕ್ಕೆ ಎದ್ದ ಆವಿ ನೋಡಿದ್ದೀವಿ, ಮೊಣಕಾಲಿಗೆ ಅಂಟಿದ ಸುಟ್ಟ ಕಲೆಯೂ ನಮ್ಮಲ್ಲೊಬ್ಬನಿಗಿದೆ. ಅರ್ಧ ಗಂಟೆ ನೆರಳಲ್ಲಿ ನಿಲ್ಲಿಸಿ, ಕೈ ಹಿಂಭಾಗ ಹತ್ತಿರ ಹಿಡಿದು ಬಿಸಿ ತಗಲದಿದ್ರೆ ಶುರು ಮಾಡಿ.

ನೆರಳು ಅಂದಿದ್ದಕ್ಕೆ ಇನ್ನೊಂದು ಕಾರಣ ನಮ್ಮ ಬೋರ್‌ವೆಲ್ ನೀರು. ಮೊದಲ ವರ್ಷದ ಕೆಮಿಸ್ಟ್ರಿ ಲ್ಯಾಬಿನಲ್ಲಿ ಇ.ಡಿ.ಟಿ.ಎ. ಟೈಟ್ರೇಶನ್ ಮಾಡಿ ಗಡಸುತನ ಕಂಡುಹಿಡಿದ್ವಲ್ಲ, ಅದೇ ನೀರು ಬಿಸಿಲಲ್ಲಿ ಟ್ಯಾಂಕಿನ ಮೇಲೆ ಆರಿದ್ರೆ ಬಿಳೀ ಚುಕ್ಕೆಯಾಗಿ ಕೂರುತ್ತೆ. ಉಜ್ಜಿದ್ರೂ ಹೋಗಲ್ಲ. ಆ ಪ್ರಯೋಗ ನಮಗೆ ಉಪಯೋಗಕ್ಕೆ ಬಂದ ಏಕೈಕ ಸಂದರ್ಭ ಇದು.

ನೀರು ಹಾಕೋ ಮುಂಚೆ ಸೈಲೆನ್ಸರ್ ಬಾಯಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿ. ಕೀ ಹಾಕೋ ತೂತಿನ ಮೇಲೆ ಒಂದು ಟೇಪ್. ಆಮೇಲೆ ಕವರ್ ಬಿಚ್ಚೋಕೆ ಮರೀಬೇಡಿ. ಒಬ್ಬ ಸೀನಿಯರ್ ಹತ್ತು ನಿಮಿಷ ಸೆಲ್ಫ್ ಹೊಡೆದು ಬ್ಯಾಟರಿ ಇಳಿಸಿಕೊಂಡ, ಕವರ್ ಅಲ್ಲೇ ನಗ್ತಾ ಕೂತಿತ್ತು.

ಮೊದಲು ಬರೀ ನೀರು, ಮೇಲಿಂದ ಕೆಳಕ್ಕೆ, ಮೆಲ್ಲಗೆ. ಒಣಗಿದ ಮಣ್ಣು ನೆನೆಯಲಿ ಅಂತ ಹತ್ತು ನಿಮಿಷ ಬಿಡಿ. ಒಣ ಮಣ್ಣಿನ ಮೇಲೆ ಬಟ್ಟೆ ಉಜ್ಜೋದು ಅಂದ್ರೆ ಪೇಂಟಿಗೆ ಉಪ್ಪುಕಾಗದ ಉಜ್ಜಿದ ಹಾಗೆ. ಎರಡು ಬಕೆಟ್ ಇಟ್ಕೊಳ್ಳಿ: ಒಂದರಲ್ಲಿ ಸೋಪು ನೀರು, ಇನ್ನೊಂದರಲ್ಲಿ ಬರೀ ನೀರು. ಸ್ಪಂಜನ್ನ ಗಾಡಿಗೆ ಉಜ್ಜಿದ ಮೇಲೆ ಬರೀ ನೀರಲ್ಲಿ ಹಿಂಡಿ ಆಮೇಲೆ ಸೋಪಿಗೆ ಅದ್ದಿ. ಆಗ ಮರಳೆಲ್ಲ ಎರಡನೇ ಬಕೆಟ್ಟಿನ ತಳದಲ್ಲಿ ಉಳಿಯುತ್ತೆ. ಬಟ್ಟೆ ಒಗೆಯೋ ಪುಡಿ ಬೇಡ, ಅದು ಕ್ಷಾರ, ಹೊಳಪು ತೆಗೆಯುತ್ತೆ. ವಾಹನದ ಶಾಂಪೂ ಇಲ್ಲದಿದ್ರೆ ತಲೆಗೆ ಹಾಕೋ ಶಾಂಪೂನೇ ಒಂದು ಸ್ಯಾಶೆ ಸಾಕು. ಚಕ್ರ, ಮಡ್‌ಗಾರ್ಡಿನ ಒಳಗೆ, ಎಂಜಿನ್ ಕೆಳಗೆ ಕೊನೆಗೆ, ಬೇರೆ ಬಟ್ಟೆಯಲ್ಲಿ.

ವಾಟರ್ ಸರ್ವಿಸ್ ಅಂಗಡಿಯ ಪ್ರೆಶರ್ ಗನ್ನಿನ ಬಗ್ಗೆ ನಮ್ಮ ನಾಲ್ವರಲ್ಲೇ ಜಗಳ ಇದೆ. ಕೆಸರು ಬೇಗ ಹೋಗುತ್ತೆ ಅನ್ನೋದು ನಿಜ. ಲೆಕ್ಕ ನೋಡಿ: ಹಾಸ್ಟೆಲ್ ಟೆರೇಸಿನ ಟ್ಯಾಂಕು ನಲ್ಲಿಗಿಂತ 12 ಮೀಟರ್ ಮೇಲಿದ್ರೆ ನಲ್ಲಿಯ ಒತ್ತಡ ಸುಮಾರು 1.2 ಬಾರ್. ಪ್ರೆಶರ್ ಗನ್ನಿನದು ನೂರು ಬಾರ್ ಆಸುಪಾಸು. ಚಕ್ರದ ಬೇರಿಂಗಿನ ಸೀಲು, ಹ್ಯಾಂಡಲ್ಲಿನ ಕೆಳಗಿನ ಬೇರಿಂಗು, ಸ್ವಿಚ್ಚುಗಳು ಇವೆಲ್ಲ ಮಳೆ ತಡೆಯೋಕೆ ಮಾಡಿದ್ದು, ಈ ಬಾಣ ತಡೆಯೋಕಲ್ಲ. ನೀರು ಒಳಗೆ ಹೋಗಿ ಗ್ರೀಸು ತೊಳೆದು ಹಾಕುತ್ತೆ, ಬೇರಿಂಗು ಅವತ್ತಲ್ಲ, ಮೂರು ತಿಂಗಳಾದ ಮೇಲೆ ಗರಗರ ಅನ್ನುತ್ತೆ. ಅಷ್ಟೊತ್ತಿಗೆ ನಾವು ರಸ್ತೆನ ಬೈತಿರ್ತೀವಿ. ಎಲೆಕ್ಟ್ರಿಕ್ ಸ್ಕೂಟರ್ ಇರೋರು "ಬ್ಯಾಟರಿ ಐ.ಪಿ. 67, ಏನೂ ಆಗಲ್ಲ" ಅಂತಾರೆ. ನಮ್ಮ ಇ.ಸಿ. ರೂಮ್‌ಮೇಟ್ ಸ್ಟ್ಯಾಂಡರ್ಡ್ ತೆಗೆದು ತೋರಿಸಿದ: ಅದರಲ್ಲಿನ 7 ಅಂದ್ರೆ ಒಂದು ಮೀಟರ್ ಆಳದ ನೀರಲ್ಲಿ ಅರ್ಧ ಗಂಟೆ ಮುಳುಗಿದ್ರೂ ಪರವಾಗಿಲ್ಲ ಅಂತ ಅಷ್ಟೇ. ಹೈ ಪ್ರೆಶರ್ ಜೆಟ್ಟಿಗೆ 9 ಅನ್ನೋ ಬೇರೆ ಪರೀಕ್ಷೆ ಇದೆ. ಒಂದರಲ್ಲಿ ಪಾಸಾದ್ರೆ ಇನ್ನೊಂದರಲ್ಲೂ ಪಾಸು ಅಂತಲ್ಲ, ನಮ್ಮ ಎಂ-2 ಪೇಪರಿನ ಹಾಗೆ. ಪೆಟ್ರೋಲ್ ಸ್ಕೂಟಿಗಳಲ್ಲಿ ಎಡಗಡೆಯ ಬೆಲ್ಟ್ ಕವರಿಗೆ ಗಾಳಿ ಹೋಗೋ ಕಿಂಡಿ ಇರುತ್ತೆ. ಅಲ್ಲಿ ನೀರು ಹೋದ್ರೆ ಬೆಲ್ಟ್ ಜಾರುತ್ತೆ. ಅಂಗಡಿಗೆ ಹೋಗಲೇಬೇಕಾದ್ರೆ ಪಕ್ಕದಲ್ಲೇ ನಿಂತು "ಅಣ್ಣಾ, ಸ್ವಲ್ಪ ದೂರದಿಂದ ಹೊಡೀರಿ, ಚಕ್ರದ ಮಧ್ಯಕ್ಕೆ ಬೇಡ, ಡೀಸೆಲ್ ಸ್ಪ್ರೇ ಬೇಡ" ಅಂತ ಹೇಳಿ. ಡೀಸೆಲ್ ಹೊಡೆದ್ರೆ ಎಂಜಿನ್ ಹೊಸದರ ಥರ ಮಿಂಚುತ್ತೆ, ಆದ್ರೆ ಅದೇ ಡೀಸೆಲ್ ಬ್ರೇಕಿಗೂ ಸಿಡಿಯುತ್ತೆ.

ಬ್ರೇಕು. ಇಲ್ಲಿ ತಪ್ಪು ಮಾಡಿದ್ದು ಬೆರಳು ಹೋದವನಲ್ಲ, ಉಳಿದ ನಾವು. ಈ ವರ್ಷ ಜೂನಿನಲ್ಲಿ ಗಾಡಿ ತೊಳೆದು, ಹಾಗೇ ಒದ್ದೆ ಗಾಡಿಯಲ್ಲಿ ಇಬ್ಬರು ಕೂತು ಟೀ ಕುಡಿಯೋಕೆ ಹೊರಟ್ವಿ. ಗೇಟಿನ ಹತ್ತಿರ ಬ್ರೇಕ್ ಹಿಡಿದ್ರೆ ಗಾಡಿ ಕೇಳಲೇ ಇಲ್ಲ. ಹಿಂದಿನ ಡ್ರಮ್ಮಿನಲ್ಲಿ ನೀರು, ಮುಂದಿನ ಡಿಸ್ಕಿನ ಮೇಲೆ ಅವತ್ತೇ ಉತ್ಸಾಹದಿಂದ ಹಚ್ಚಿದ ಪಾಲಿಶ್. ಎದುರಿಗೆ ಸೊಪ್ಪು ಮಾರೋ ಅಜ್ಜಿಯ ತಳ್ಳುಗಾಡಿ. ಹ್ಯಾಂಡಲ್ ತಿರುಗಿಸಿ ಚರಂಡಿಯ ಕಲ್ಲಿಗೆ ಹೊಡೆದು ನಿಂತ್ವಿ. ಅಜ್ಜಿ ಏನೂ ಬೈಲಿಲ್ಲ, "ನೋಡ್ಕೊಂಡು ಹೋಗ್ರಪ್ಪಾ" ಅಂದ್ರು ಅಷ್ಟೇ. ಬೈದಿದ್ರೇ ಚೆನ್ನಾಗಿತ್ತು.

ಗಂಟೆಗೆ 40 ಕಿ.ಮೀ. ಅಂದ್ರೆ ಸೆಕೆಂಡಿಗೆ 11 ಮೀಟರ್. ಪ್ಯಾಡಿಗೂ ಡಿಸ್ಕಿಗೂ ನಡುವಿನ ನೀರಿನ ಪದರ ಹೋಗಿ ಬ್ರೇಕ್ ಕಚ್ಚೋಕೆ ಅರ್ಧ ಸೆಕೆಂಡ್ ತಡವಾದ್ರೂ ಐದೂವರೆ ಮೀಟರ್ ಹೆಚ್ಚುವರಿ, ಅಂದ್ರೆ ಎರಡೂವರೆ ಬೈಕಿನಷ್ಟು ಉದ್ದ. ಡ್ರಮ್ ಬ್ರೇಕ್ ಇನ್ನೂ ಸೋಮಾರಿ, ಒಳಗೆ ಹೋದ ನೀರು ಬೇಗ ಹೊರಗೆ ಬರಲ್ಲ. ಅದಕ್ಕೆ ತೊಳೆದ ಮೇಲೆ ಪಾರ್ಕಿಂಗಿನ ಒಳಗೇ, ಯಾರೂ ಇಲ್ಲದ ಕಡೆ, ನಡೆಯೋ ವೇಗದಲ್ಲಿ ಎರಡು ಸುತ್ತು ಹಾಕಿ, ಎರಡೂ ಬ್ರೇಕನ್ನ ಮೆಲ್ಲಗೆ ಹಿಡಿದು ಬಿಟ್ಟು ಮಾಡಿ. ಉಜ್ಜಿದ ಬಿಸಿಗೆ ನೀರು ಆರುತ್ತೆ. ಮೊದಲಿನ ಹಾಗೆ ಕಚ್ಚಿದ ಮೇಲೆ ಮಾತ್ರ ಗೇಟು ದಾಟಿ. ಡಿಸ್ಕಿಗೆ ಪಾಲಿಶ್, ವ್ಯಾಕ್ಸ್, ಎಣ್ಣೆ ಯಾವುದೂ ಬೇಡ. ತಪ್ಪಿ ಬಿದ್ರೆ ಬ್ರೇಕ್ ಕ್ಲೀನರ್ ಅಥವಾ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಶುಭ್ರ ಬಟ್ಟೆ ಅದ್ದಿ ಒರೆಸಿ. ಪ್ಯಾಡು ಎಣ್ಣೆ ಕುಡಿದಿದ್ರೆ ಒರೆಸಿ ಪ್ರಯೋಜನ ಇಲ್ಲ, ಬದಲಾಯಿಸಿ. ನಾವು ಬದಲಾಯಿಸಿದ್ವಿ.

ಟೈರಿಗೆ ಕಪ್ಪು ಹೊಳಪು ಬರಲಿ ಅಂತ ಕೆಲವರು ಪಾಲಿಶ್, ಇನ್ನು ಕೆಲವರು ಕೊಬ್ಬರಿ ಎಣ್ಣೆ ಹಚ್ಚುತ್ತಾರೆ. ಕಾರಿಗಾದ್ರೆ ಟೈರಿನ ಪಕ್ಕ ನೆಲ ಮುಟ್ಟಲ್ಲ. ಬೈಕು ತಿರುವಿನಲ್ಲಿ ವಾಲುತ್ತೆ, ವಾಲಿದಾಗ ನೆಲ ಮುಟ್ಟೋದು ಟೈರಿನ ಅಂಚು. ಆ ಅಂಚಿಗೆ ಎಣ್ಣೆ ಹಚ್ಚಿ ಮೊದಲ ತಿರುವಿನಲ್ಲೇ ಜಾರಿದವರು ನಮ್ಮ ಕಾಲೇಜಿನಲ್ಲೇ ಇದ್ದಾರೆ. ಸೀಟಿಗೆ ಪಾಲಿಶ್ ಹಚ್ಚಿದ್ರೆ ಹಿಂದೆ ಕೂತವರು ಬ್ರೇಕ್ ಹಿಡಿದಾಗ ಮುಂದೆ ಜಾರುತ್ತಾರೆ. ಗ್ಯಾರೇಜ್ ಅಣ್ಣ ಹೇಳೋದು ಇಷ್ಟೇ: "ಗಾಡಿಗೆ ಸ್ನಾನ ಮಾಡ್ಸಿ, ಅಭ್ಯಂಜನ ಮಾಡ್ಸಬೇಡಿ."

ಎಣ್ಣೆ ಬೇಕಾಗಿರೋದು ಚೈನಿಗೆ ಮಾತ್ರ. ಪೂರ್ತಿ ಒಣಗಿದ ಮೇಲೆ 90 ನಂಬರಿನ ಗೇರ್ ಆಯಿಲನ್ನ ಕೆಳಭಾಗದ ಚೈನಿನ ಒಳಮೈಗೆ ತೆಳ್ಳಗೆ ಹಚ್ಚಿ, ಚಕ್ರ ಹಿಂದಕ್ಕೆ ತಿರುಗಿಸುತ್ತಾ. ಹೆಚ್ಚಾದದ್ದನ್ನ ಒರೆಸಿ. ರಾತ್ರಿ ಹಚ್ಚಿ ಬೆಳಿಗ್ಗೆ ಓಡಿಸಿದ್ರೆ ಟೈರಿಗೆ ಸಿಡಿಯಲ್ಲ.

ನೀರಿನ ವಿಷಯ. ನಮ್ಮ ನಲ್ಲಿಯಲ್ಲಿ 20 ಲೀಟರಿನ ಬಕೆಟ್ ತುಂಬೋಕೆ ಒಂದು ನಿಮಿಷ 40 ಸೆಕೆಂಡ್, ಅಂದ್ರೆ ನಿಮಿಷಕ್ಕೆ 12 ಲೀಟರ್. ಪೈಪ್ ಬಿಟ್ಟುಕೊಂಡು 25 ನಿಮಿಷ ತೊಳೆದ್ರೆ 300 ಲೀಟರ್. ಬಕೆಟ್ ಮಗ್ಗಿನಲ್ಲಿ ಎರಡೂವರೆ ಬಕೆಟ್, 50 ಲೀಟರಿಗೆ ಅದೇ ಗಾಡಿ ಅಷ್ಟೇ ಶುಭ್ರ ಆಯ್ತು. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ವಾಹನ ತೊಳೆಯೋಕೆ ಕುಡಿಯೋ ನೀರು ಬಳಸಿದ್ರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿತ್ತು. ನಮ್ಮ ವಾರ್ಡನ್ ಅಷ್ಟು ಹೋಗಲ್ಲ, ಮೋಟರ್ ಆಫ್ ಮಾಡ್ತಾರೆ ಅಷ್ಟೇ, ಆಮೇಲೆ ಮೂರನೇ ಫ್ಲೋರಿನವರು ನಮ್ಮನ್ನ ಹುಡುಕಿಕೊಂಡು ಬರ್ತಾರೆ. ಚೈನ್ ತೊಳೆದ ಸೀಮೆಎಣ್ಣೆನ ಚರಂಡಿಗೆ ಸುರೀಬೇಡಿ. ಡಬ್ಬಿಯಲ್ಲಿ ಇಟ್ರೆ ರಾಡಿ ತಳಕ್ಕೆ ಇಳಿಯುತ್ತೆ, ಮೇಲಿನದು ಮುಂದಿನ ಗಾಡಿಗೆ ಆಗುತ್ತೆ.

ಪೂಜೆಯ ದಿನದ ಒಂದೆರಡು ಮಾತು. ಬಾಳೆಕಂದನ್ನ ಹ್ಯಾಂಡಲ್ ತಿರುಗೋಕೆ ಅಡ್ಡ ಆಗೋ ಹಾಗೆ ಕಟ್ಟಬೇಡಿ, ಹಾರದ ತುದಿ ಮುಂದಿನ ಚಕ್ರಕ್ಕೆ ತಾಗದಿರಲಿ. ಬೂದುಗುಂಬಳ ಒಡೆದ ಮೇಲೆ ಚೂರುಗಳನ್ನ ನೀವೇ ಎತ್ತಿ ಬದಿಗೆ ಹಾಕಿ. ಅದರ ತಿರುಳಿನ ಮೇಲೆ ಎರಡು ಚಕ್ರದ ಗಾಡಿ ನಿಲ್ಲಲ್ಲ.

ಹಬ್ಬದ ಹಿಂದಿನ ಶನಿವಾರ ಸಂಜೆ ನಾಲ್ಕಕ್ಕೆ ನಾವು ನಾಲ್ವರೂ ಅದೇ ನಲ್ಲಿ ಹತ್ತಿರ ಇರ್ತೀವಿ. ಎರಡು ಬಕೆಟ್, ಚೈನ್ ಕ್ಲೀನರ್, ಗೇರ್ ಆಯಿಲ್ ನಮ್ಮದು. ಸ್ಪಂಜು, ಹಳೇ ಬನಿಯನ್, ಟೂತ್ ಬ್ರಷ್ ನೀವು ತನ್ನಿ. ಚೈನ್ ಹೇಗೆ ಒರೆಸೋದು ಅಂತ ತೋರಿಸೋನು ಒಂಬತ್ತೂವರೆ ಬೆರಳಿನವನೇ. ಗಾಡಿನ ಅರ್ಧ ಗಂಟೆ ಮುಂಚೆ ತಂದು ನಿಲ್ಲಿಸಿ, ಎಂಜಿನ್ ತಣ್ಣಗಾಗಲಿ.